ಇಬ್ಸನ್‌ನ ನಾಟಕಗಳನ್ನು ಎಲ್ಲಿಂದ ಶುರು ಮಾಡುವುದು

ಮೇಡಂ, ನಾರ್ವೆಯ ನಾಟಕಕಾರ ಹೆನ್ರಿಕ್ ಇಬ್ಸನ್‌ನ ನಾಟಕಗಳನ್ನೆಲ್ಲ ಬರೆದ ಕ್ರಮದಲ್ಲೇ ಓದಲು ಹೊರಟು ಮೊದಲನೆಯ 'ಕ್ಯಾಟಿಲೈನ್'ನಲ್ಲೇ ಸುಸ್ತಾಯಿತು, ಕ್ರಮ ಬಿಟ್ಟು ಹೆಸರಾದ ನಾಲ್ಕೈದನ್ನು ಓದಿದರೆ ಸಾಲದೇ ಎಂದು ಕೇಳಿದ್ದೀರಿ. ಕ್ರಮ ಬಿಡಬೇಡಿ, ಶುರು ಮಾಡುವ ಜಾಗ ಬದಲಿಸಿಕೊಳ್ಳಿ.

'ಕ್ಯಾಟಿಲೈನ್' ಅಚ್ಚಾದದ್ದು 1850ರಲ್ಲಿ. ಗ್ರಿಮ್‌ಸ್ಟಾಡ್ ಎಂಬ ಸಣ್ಣ ಊರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಬರೆದದ್ದು. ಮುಂದಿನ ಹತ್ತು ಹನ್ನೆರಡು ವರ್ಷದವೂ ಹೆಚ್ಚಾಗಿ ಕಸುಬು ಕಲಿಯುತ್ತಿದ್ದ ಕಾಲದವು. ಅವು ಕೊನೆಗಿರಲಿ. 1877ರ 'ಪಿಲ್ಲರ್ಸ್ ಆಫ್ ಸೊಸೈಟಿ'ಯಿಂದ 1899ರ 'ವೆನ್ ವಿ ಡೆಡ್ ಅವೇಕನ್'ವರೆಗೆ 12 ಗದ್ಯ ನಾಟಕಗಳಿವೆ. ಇವುಗಳಲ್ಲಿ ಒಂದನ್ನೂ ಹಾರಿಸಬೇಡಿ. ತನ್ನ ಕೃತಿಗಳೆಲ್ಲ ಸೇರಿ ಒಂದೇ ಬರವಣಿಗೆ, ಬರೆದ ಕ್ರಮದಲ್ಲೇ ಓದಿ, ಯಾವುದನ್ನೂ ಬದಿಗಿಡಬೇಡಿ ಎಂದು 1898ರಲ್ಲಿ ಅವನೇ ಓದುಗರನ್ನು ಕೇಳಿಕೊಂಡಿದ್ದ. ಮೊದಲ ಓದಿಗೆ ಮಾತ್ರ ನಾನು ಅವನ ಮಾತನ್ನು ಅಷ್ಟು ಮೀರುತ್ತೇನೆ.

ಕ್ರಮ ಯಾಕೆ ಬೇಕೆಂದರೆ, ಇಲ್ಲಿ ಒಂದು ನಾಟಕ ಹಿಂದಿನದರ ಎದುರು ಕೂತು ವಾದ ಮಾಡುತ್ತದೆ. 1879ರ 'ಎ ಡಾಲ್ಸ್ ಹೌಸ್'ನಲ್ಲಿ ನೋರಾ ಗಂಡ ಮಕ್ಕಳನ್ನು ಬಿಟ್ಟು, ಬಾಗಿಲೆಳೆದುಕೊಂಡು ಹೊರಡುತ್ತಾಳೆ. ಎರಡು ವರ್ಷದ ಮೇಲೆ ಬಂದ 'ಘೋಸ್ಟ್ಸ್'ನ ಶ್ರೀಮತಿ ಆಲ್ವಿಂಗ್ ಕೂಡ ಒಮ್ಮೆ ಮನೆ ಬಿಟ್ಟವಳೇ. ಆದರೆ ಪಾದ್ರಿಯ ಮಾತು ಕೇಳಿ ಗಂಡನ ಬಳಿಗೆ ಹಿಂದಿರುಗಿದವಳು. ಹಾಗೆ ಉಳಿದದ್ದಕ್ಕೆ ಏನು ತೆರಬೇಕಾಯಿತು ಎಂಬುದೇ ಆ ನಾಟಕ. ನೋರಾಳನ್ನು ಓದಿದ ಬೆನ್ನಿಗೇ ಓದಿದ್ದರಿಂದ ನನಗೆ ಎರಡು ದಿನ ಬೇರೇನೂ ಓದಲಾಗಲಿಲ್ಲ.

'ಘೋಸ್ಟ್ಸ್'ಗೆ ಎಲ್ಲೆಡೆ ಛೀಮಾರಿ ಬಿತ್ತು, ಪುಸ್ತಕದಂಗಡಿಗಳು ಪ್ರತಿಗಳನ್ನು ವಾಪಸು ಕಳಿಸಿದವು. ಅವನ ಉತ್ತರ ಮರುವರ್ಷವೇ ಬಂತು: 'ಆ್ಯನ್ ಎನಿಮಿ ಆಫ್ ದಿ ಪೀಪಲ್'. ಹೊರಗಿನವರು ಆರೋಗ್ಯಕ್ಕೆಂದು ಬಂದು ಮೀಯುವ, ಊರಿಗೆ ದುಡ್ಡು ತರುವ ಸ್ನಾನಗೃಹಗಳ ನೀರು ಚರ್ಮ ಹದಮಾಡುವ ಕಾರ್ಖಾನೆಗಳ ಕೊಳೆಯಿಂದ ಕೆಟ್ಟಿದೆ ಎಂದ ಡಾಕ್ಟರನ್ನು ಊರೇ ಶತ್ರು ಎನ್ನುತ್ತದೆ. (ಸತ್ಯಜಿತ್ ರಾಯ್ ಅವರ 'ಗಣಶತ್ರು' ಸಿನಿಮಾ ಇದನ್ನೇ ಆಧರಿಸಿದ್ದು, ಅಲ್ಲಿ ದೇವಸ್ಥಾನದ ತೀರ್ಥ.) ಇಲ್ಲಿಗೇ ನಿಲ್ಲಿಸಿದರೆ ಇಬ್ಸನ್‌ಗೆ ಸತ್ಯ ಹೇಳುವವನೇ ನಾಯಕ ಎಂದುಕೊಳ್ಳುತ್ತೀರಿ. ಆದರೆ 1884ರ 'ದಿ ವೈಲ್ಡ್ ಡಕ್'ನಲ್ಲಿ ಗ್ರೆಗರ್ಸ್ ಎಂಬವನು ಅದೇ ಸತ್ಯ ಹಿಡಿದುಕೊಂಡು ಗೆಳೆಯನ ಮನೆಗೆ ಬರುತ್ತಾನೆ. ಆ ಮನೆಯ ಹುಡುಗಿ ಹೆಡ್ವಿಗ್‌ಗೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ.

ಕ್ರಮವಾಗಿ ಓದಿದವರಿಗೆ ಹಳೆಯ ಪರಿಚಯದವರೂ ಸಿಗುತ್ತಾರೆ. 1888ರ 'ದಿ ಲೇಡಿ ಫ್ರಮ್ ದಿ ಸೀ'ಯಲ್ಲಿ ಮಲತಾಯಿಯ ಮೇಲೆ ಮುನಿಸಿಕೊಂಡು ಓಡಾಡುವ ಹುಡುಗಿ ಹಿಲ್ಡೆ, 1892ರ 'ದಿ ಮಾಸ್ಟರ್ ಬಿಲ್ಡರ್'ನಲ್ಲಿ ಬೆಳೆದು ದೊಡ್ಡವಳಾಗಿ ಬಂದು ಬಾಗಿಲು ತಟ್ಟುತ್ತಾಳೆ.

ತಿಂಗಳಿಗೊಂದರಂತೆ ಓದಿದರೆ ಒಂದು ವರ್ಷ. ಒಂದು ನಾಟಕವನ್ನು ಹತ್ತು ದಿನ ಎಳೆಯದೆ ಎರಡು ಸಂಜೆಯಲ್ಲಿ ಮುಗಿಸಿ. ಅವನಲ್ಲಿ ಮುಖ್ಯ ಘಟನೆ ಪರದೆ ಏಳುವ ಮೊದಲೇ ನಡೆದುಹೋಗಿರುತ್ತದೆ. ಹಾಗಾಗಿ ಯಾರು ಯಾರಿಗೆ ಏನಾಗಬೇಕು, ಎಷ್ಟು ವರ್ಷದ ಹಿಂದೆ ಏನಾಯಿತು ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತ ಹೋಗಿ. ರಂಗಸೂಚನೆಗಳ ಮೇಲೆ ಕಣ್ಣಾಡಿಸಿ ಮುಂದೆ ಹೋಗಬೇಡಿ. 'ಘೋಸ್ಟ್ಸ್'ನ ಮಳೆ, ಕೊನೆಗೆ ಹುಟ್ಟುವ ಸೂರ್ಯ, ಇವೆಲ್ಲ ಅಲ್ಲೇ ಇರುವುದು. ವಿಲಿಯಂ ಆರ್ಚರ್‌ನ ಇಂಗ್ಲಿಷ್ ಅನುವಾದಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಆದರೆ ಭಾಷೆ ಹಳೆಯದು. ಮಾತು ತೊಡಕೆನಿಸಿದರೆ ಲೈಬ್ರರಿಯಲ್ಲಿ ಈಚಿನ ಅನುವಾದ ಹುಡುಕಿ.

ಹನ್ನೆರಡೂ ಮುಗಿದ ಮೇಲೆ ಅವಕ್ಕೂ ಮೊದಲಿನ ಪದ್ಯ ನಾಟಕಗಳಾದ 'ಬ್ರ್ಯಾಂಡ್' ಮತ್ತು 'ಪೀರ್ ಗಿಂಟ್'. ಆಮೇಲೆ 'ಕ್ಯಾಟಿಲೈನ್' ಮತ್ತೆ ತೆಗೆಯಿರಿ. ಶಾಂತ ಹೆಂಡತಿ ಔರೇಲಿಯಾ ಒಂದು ಕಡೆ, ಸೇಡಿನಲ್ಲಿ ಉರಿಯುವ ಫ್ಯೂರಿಯಾ ಇನ್ನೊಂದು ಕಡೆ, ನಡುವೆ ಒಬ್ಬ ಗಂಡಸು. 1899ರ ಕೊನೆಯ ನಾಟಕದ ಮಾಯಾ ಮತ್ತು ಇರೇನೆಯನ್ನು ನೋಡಿ ಬಂದ ನಿಮಗೆ ಆ ಇಬ್ಬರ ಗುರುತು ತಕ್ಷಣ ಹತ್ತುತ್ತದೆ.