ಒಂಬತ್ತನೇ ತಿಂಗಳಲ್ಲಿ ರಾಜೀನಾಮೆ ಬರೆಯುವ ಮುನ್ನ

ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ದಾವಣಗೆರೆ ಬಿಟ್ಟು ಸ್ಟುಟ್‌ಗಾರ್ಟ್‌ಗೆ ಬಂದು ಒಂಬತ್ತು ತಿಂಗಳಾಯಿತು. ಇಂಟರ್‌ವ್ಯೂನಲ್ಲಿ ಹೇಳಿದ ಕೆಲಸವೇ ಬೇರೆ, ಬಂದ ಮೇಲೆ ಕೊಟ್ಟದ್ದು ಹಳೆಯ ಟೆಸ್ಟ್ ರಿಪೋರ್ಟುಗಳನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ. ಮೀಟಿಂಗು ಇಂಗ್ಲಿಷಿನಲ್ಲಿ ಶುರುವಾಗಿ ಐದು ನಿಮಿಷಕ್ಕೆ ಜರ್ಮನ್‌ಗೆ ಜಾರುತ್ತದೆ, ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ. ಉತ್ಸಾಹ ಉಳಿಸಿಕೊಳ್ಳುವುದು ಹೇಗಕ್ಕ, ಇಲ್ಲ ಬಿಟ್ಟು ಊರಿಗೆ ಹೋಗಿಬಿಡಲಾ ಎಂದು ಕೇಳಿದ್ದೀಯ.

ಮೊದಲು ನನ್ನ ಕಥೆ ಹೇಳುತ್ತೇನೆ. ನಾನು ಬಂದದ್ದು 2012ರ ನವೆಂಬರಿನಲ್ಲಿ, ಜರ್ಮನಿಯಲ್ಲಿ ಬ್ಲೂ ಕಾರ್ಡ್, ಅಂದರೆ ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ, ಶುರುವಾದ ಮೂರೇ ತಿಂಗಳಿಗೆ. ಮೊದಲ ವರ್ಷ ಚೆನ್ನಾಗಿತ್ತು. ಆಮೇಲೆ ನನ್ನ ಪ್ರಾಜೆಕ್ಟನ್ನೇ ಮುಚ್ಚಿದರು. ಕೆಲಸದಿಂದ ತೆಗೆಯಲಿಲ್ಲ, ಆದರೆ ಕೆಲಸವನ್ನೂ ಕೊಡಲಿಲ್ಲ. ಹನ್ನೊಂದು ತಿಂಗಳು ಯಾರೂ ತೆರೆದು ನೋಡದ ಎಕ್ಸೆಲ್ ಪಟ್ಟಿಗಳನ್ನು ಮಾಡಿದೆ. 2015ರ ಒಂದು ಶುಕ್ರವಾರ ಮಧ್ಯಾಹ್ನ, ಕೈಯಲ್ಲಿ ಬೇರೆ ಆಫರ್ ಇಲ್ಲದೆ, ರಾಜೀನಾಮೆ ಕೊಟ್ಟು ಬಂದೆ. ಆ ಸಂಜೆ ಎಷ್ಟು ಹಗುರಾಗಿತ್ತು ಅಂದರೆ ಫೈಹಿಂಗನ್‌ನಲ್ಲಿದ್ದ ಮನೆಯವರೆಗೆ ನಡೆದೇ ಹೋದೆ. ನಿರುದ್ಯೋಗ ಭತ್ಯೆ ಕೇಳಲು ಹೋದಾಗ ಗೊತ್ತಾಯಿತು: ತಾನಾಗಿ ಕೆಲಸ ಬಿಟ್ಟವರಿಗೆ ಸ್ಪೆರ್‌ತ್ಸೈಟ್ ಅಂತ ಹಾಕುತ್ತಾರೆ, 12 ವಾರ ಒಂದು ಪೈಸೆ ಇಲ್ಲ. ಹೊಸ ಕೆಲಸ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕೂ ತಿಂಗಳು ಅಪ್ಪ ಫೋನಿನಲ್ಲಿ "ಆಫೀಸು ಹೆಂಗಿದೆ ಮಗಾ" ಎಂದರೆ "ಚೆನ್ನಾಗಿದೆ ಅಪ್ಪ" ಎಂದು ಸುಳ್ಳು ಹೇಳಿದೆ. ದುಡ್ಡಿನ ಕಷ್ಟ ಮರೆತುಹೋಗಿದೆ, ಆ ಸುಳ್ಳು ಇನ್ನೂ ಚುಚ್ಚುತ್ತದೆ.

ಕೆಲಸ ಬಿಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿದೆ, ತಪ್ಪಾದದ್ದು ಅಲ್ಲಿ. ನಿನ್ನ ಸ್ಥಿತಿ ಇನ್ನೂ ಸೂಕ್ಷ್ಮ. ಭತ್ಯೆ ಸಿಗಬೇಕಾದರೆ ಹಿಂದಿನ 30 ತಿಂಗಳಲ್ಲಿ ಕನಿಷ್ಠ 12 ತಿಂಗಳ ನಿರುದ್ಯೋಗ ವಿಮೆಯ ವಂತಿಗೆ ಕಟ್ಟಿರಬೇಕು. ನಿನ್ನದು ಒಂಬತ್ತು. ಹನ್ನೆರಡು ತುಂಬುವ ಮೊದಲೇ ಕೆಲಸ ನಿಂತರೆ ಆ ಬಾಗಿಲೇ ಇಲ್ಲ.

ಇನ್ನು ಉತ್ಸಾಹದ ಮಾತು. ಅಂಥ ಕೆಲಸದ ಮೇಲೆ ಉತ್ಸಾಹ ಹುಟ್ಟಿಸುವ ಉಪಾಯ ನನ್ನ ಹತ್ತಿರ ಇಲ್ಲ, ಇದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ. ನಿನ್ನ ಪತ್ರದಲ್ಲಿ ನನಗೆ ಕಂಡದ್ದು ಬೇರೆ. ವೀಸಾ, ಊರಿನ ಸಾಲದ ಕಂತು, "ಮಗ ಜರ್ಮನೀಲಿದಾನೆ" ಎಂಬ ಅಮ್ಮನ ಹೆಮ್ಮೆ, ನಿನ್ನ ಬಗ್ಗೆ ನಿನಗಿರುವ ಗೌರವ, ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟಿದ್ದೀಯ. ಗೂಟ ಸ್ವಲ್ಪ ಅಲ್ಲಾಡಿದರೂ ಎಲ್ಲ ಅಲ್ಲಾಡುತ್ತದೆ. ಒಂದೊಂದನ್ನೇ ಬಿಚ್ಚಿ ಬೇರೆ ಕಡೆ ಕಟ್ಟುತ್ತ ಹೋಗಬೇಕು.

ಮ್ಯಾನೇಜರ್ ಒಂದು ದಿನವೂ ಒಳ್ಳೆಯ ಮಾತಾಡಲಿಲ್ಲ ಎಂದು ಬರೆದಿದ್ದೀಯ. ನೀನು ಬಂದಿರುವುದು ಸ್ವಾಬಿಯನ್ನರ ಸೀಮೆಗೆ. ಇಲ್ಲೊಂದು ಗಾದೆಯಿದೆ, ಬೈಯದಿದ್ದರೆ ಅದೇ ದೊಡ್ಡ ಹೊಗಳಿಕೆ ಅಂತ. ಅವರು ಅದರಂತೆಯೇ ಬದುಕುತ್ತಾರೆ, ಮನೆಯ ಮಕ್ಕಳಿಗೂ ಹಾಗೆಯೇ. ತಪ್ಪನ್ನು ಮುಖಕ್ಕೆ ಹೇಳಿ, ಅರ್ಧ ಗಂಟೆಗೆ ನಿನ್ನ ಜೊತೆಯೇ ಕ್ಯಾಂಟೀನಿಗೆ ಬರುತ್ತಾರೆ. ಬೆಂಗಳೂರಿನ ಆಫೀಸಿನ ಕಣ್ಣಿಂದ ನೋಡಿದರೆ ಅದು ಅವಮಾನ, ಇಲ್ಲಿ ದಿನದ ಮಾತು. ಆ ನೋವಿನ ಪಾಲನ್ನು ಕೆಲಸದ ಲೆಕ್ಕಕ್ಕೆ ಬರೆಯಬೇಡ, ಕಂಪನಿ ಬದಲಿಸಿದರೂ ಅದು ಹಿಂದೆಯೇ ಬರುತ್ತದೆ.

ಆದರೆ ಹುರುಳಿಲ್ಲದ ಕೆಲಸ ಕೊಟ್ಟದ್ದನ್ನು ಸಂಸ್ಕೃತಿ ಎಂದು ನುಂಗಬೇಡ. ಮ್ಯಾನೇಜರ್ ಹತ್ತಿರ ಸಮಯ ಕೇಳಿ ಕೂತು ಮಾತಾಡು. "ಈ ಕೆಲಸಕ್ಕೆಂದು ನನ್ನನ್ನು ತೆಗೆದುಕೊಂಡಿರಿ, ಇಂಥ ತಿಂಗಳೊಳಗೆ ಇದು ಬೇಕು" ಎಂದು ನೇರ ಹೇಳು, ಆಮೇಲೆ ಅದನ್ನೇ ಮೇಲ್ ಹಾಕು. ನಮಗೆ ಹಾಗೆ ಕೇಳಲು ಬಾಯಿ ಬರುವುದಿಲ್ಲ, ಕೆಲಸ ನೋಡಿ ಅವರೇ ಗುರುತಿಸಲಿ ಎಂದು ಕಾಯುತ್ತೇವೆ. ಇಲ್ಲಿ ಸುಮ್ಮನಿದ್ದವನು ಸುಖವಾಗಿದ್ದಾನೆ ಎಂದೇ ತಿಳಿಯುತ್ತಾರೆ. ನಾನು ಹನ್ನೊಂದು ತಿಂಗಳು ಸುಮ್ಮನಿದ್ದೆ.

ಈಗ ತಿಂಗಳುಗಳ ಲೆಕ್ಕ. ಬ್ಲೂ ಕಾರ್ಡಿನ ಮೊದಲ 12 ತಿಂಗಳಲ್ಲಿ ಕಂಪನಿ ಬದಲಿಸಿದರೆ ವಿದೇಶಿಯರ ಕಚೇರಿಗೆ ತಿಳಿಸಬೇಕು, ಅವರು 30 ದಿನ ತಡೆಹಿಡಿದು ಪರಿಶೀಲಿಸಬಹುದು. ನಮ್ಮ ಕಾಲದಲ್ಲಿ ಎರಡು ವರ್ಷ ಅವರ ಅನುಮತಿಯೇ ಬೇಕಿತ್ತು, 2023ರ ನವೆಂಬರಿನಲ್ಲಿ ಸಡಿಲವಾಯಿತು. ನಿನ್ನ ಒಪ್ಪಂದದಲ್ಲಿ ಮೂರು ತಿಂಗಳ ನೋಟಿಸ್ ಎಂದಿದ್ದೀಯ. ಹಾಗಾದರೆ ಇವತ್ತೇ ಅರ್ಜಿ ಹಾಕಲು ಶುರು ಮಾಡಿ ಎರಡು ತಿಂಗಳಲ್ಲಿ ಆಫರ್ ಸಿಕ್ಕಿದರೂ ನೀನು ಹೊಸ ಜಾಗಕ್ಕೆ ಸೇರುವುದು ಹದಿನಾಲ್ಕನೇ ತಿಂಗಳಲ್ಲಿ. ಕಾನೂನಿನ ಆ ಗಡಿ ತಾನಾಗಿಯೇ ದಾಟಿರುತ್ತದೆ. ಈ ಭಾಗದ ಕಾರು ಉದ್ಯಮ ಕೆಲಸಗಾರರನ್ನು ಕಡಿಮೆ ಮಾಡುತ್ತಿರುವ ಕಾಲ ಇದು, ಹುಡುಕಾಟ ಎರಡರ ಬದಲು ಆರು ತಿಂಗಳು ಹಿಡಿದೀತು. ಅದಕ್ಕೇ ಇವತ್ತೇ ಶುರು ಮಾಡು ಅನ್ನುವುದು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಬಿ1 ಮಟ್ಟದ, ಅಂದರೆ ದಿನದ ಮಾತಿಗೆ ಸಾಲುವಷ್ಟು ಜರ್ಮನ್ ಇದ್ದರೆ ಬ್ಲೂ ಕಾರ್ಡಿನ 21 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ಆರಂಭದ ಮಟ್ಟವಾದ ಎ1 ಮಾತ್ರ ಇದ್ದರೆ 27. ಅಂದರೆ ಮನಸ್ಸು ಮಾಡಿದರೆ ಇನ್ನು ಒಂದು ವರ್ಷ. ಆ ಕಾಗದ ಕೈಗೆ ಬಂದ ದಿನ ನಿನ್ನ ವೀಸಾ ಕಂಪನಿಯ ಗೂಟದಿಂದ ಕಳಚಿಕೊಳ್ಳುತ್ತದೆ. ಐದು ನಿಮಿಷಕ್ಕೆ ಜರ್ಮನ್‌ಗೆ ಜಾರುವ ಮೀಟಿಂಗಿನ ಕಷ್ಟಕ್ಕೂ ಅದೇ ಮದ್ದು. ಫೋಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಾಲೆಯಲ್ಲಿ ಸಂಜೆ ತರಗತಿಗಳಿವೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲಾದಾಗ ರೂಮಿನಲ್ಲಿ ಒಬ್ಬನೇ ಕೂರುವ ಬದಲು ಅಲ್ಲಿ ಹತ್ತು ಜನ ಹೊಸಬರ ಮಧ್ಯೆ ಕೂರುತ್ತೀಯ. ವರ್ಷ ತುಂಬಿದ ಮೇಲೆ ಬಿಲ್ಡುಂಗ್ಸ್‌ತ್ಸೈಟ್ ಎಂದು ಕಲಿಕೆಗೆ ಐದು ದಿನ ಸಂಬಳದ ರಜೆ ನಾವಿರುವ ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಹಕ್ಕು. ಪಕ್ಕದ ಬವೇರಿಯಾದಲ್ಲಿ ಇದಿಲ್ಲ. ಬಹಳ ಜನ ಕೇಳುವುದೇ ಇಲ್ಲ, ನೀನು ಕೇಳು.

ಬಿಡುವಾಗ ಜಗಳವಾಡಿ ಬಿಡಬೇಡ, ಕಾರಣ ತ್ಸಾಯ್ಗ್‌ನಿಸ್, ಕಂಪನಿ ಬರೆದುಕೊಡುವ ಪ್ರಮಾಣಪತ್ರ. ಹೊಸ ಕಂಪನಿಗಳು ಅದನ್ನು ಸಾಲು ಸಾಲಾಗಿ ಓದುತ್ತವೆ. "ನಮಗೆ ಪೂರ್ಣ ತೃಪ್ತಿ" ಎಂದು ಬರೆದರೆ ನಮ್ಮ ಕಿವಿಗೆ ಬಹಳ ಚೆನ್ನಾಗಿ ಕೇಳುತ್ತದೆ, ಅವರ ಗುಪ್ತಭಾಷೆಯಲ್ಲಿ ಅದು ಸಾಧಾರಣ. "ಸದಾ" ಎಂಬ ಮಾತು ಸೇರಿದರೆ ಒಳ್ಳೆಯದು, "ಸದಾ ಪೂರ್ಣಾತಿಪೂರ್ಣ" ಎಂಬಂಥ ಮಾತಿದ್ದರೆ ಉತ್ತಮ. "ಪ್ರಯತ್ನಪಟ್ಟರು" ಎಂದಿದ್ದರೆ ಕೈಲಾಗಲಿಲ್ಲ ಎಂದರ್ಥ. ಇಲ್ಲಿಯವರೊಬ್ಬರಿಗೆ ಓದಿಸದೆ ಸುಮ್ಮನಾಗಬೇಡ.

ಅಕಸ್ಮಾತ್ ಅವರೇ ಕರೆದು "ಪರಸ್ಪರ ಒಪ್ಪಂದದ ಮೇಲೆ ಬಿಡೋಣ" ಎಂದು ಕಾಗದ ಮುಂದಿಟ್ಟರೆ ಅದೇ ದಿನ ಸಹಿ ಹಾಕಬೇಡ, ಅದಕ್ಕೂ ಸ್ಪೆರ್‌ತ್ಸೈಟ್ ಬೀಳಬಹುದು. ಮೇಲ್‌ನಲ್ಲಿ ಕಳಿಸಿದ ವಜಾ ಪತ್ರ ಇಲ್ಲಿ ನಡೆಯುವುದಿಲ್ಲ, ಕಾಗದದ ಮೇಲೆ ಸಹಿ ಇರಬೇಕು. ಅದು ಕೈಗೆ ಬಂದರೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಮೂರು ವಾರ ಮಾತ್ರ.

ಭಾನುವಾರದ ಹೊಟ್ಟೆ ಸಂಕಟದ ಬಗ್ಗೆ ನೀನು ಒಂದೇ ಸಾಲು ಬರೆದೆ, ನನಗೆ ಹೆಚ್ಚು ಚಿಂತೆಯಾದದ್ದು ಅದೇ. ನಿದ್ದೆಯೂ ಕೆಟ್ಟಿದ್ದರೆ ಈ ವಾರವೇ ಹೌಸ್‌ಆರ್ಟ್ಸ್ಟ್, ಅಂದರೆ ಸಾಮಾನ್ಯ ವೈದ್ಯರ ಹತ್ತಿರ ಹೋಗಿ ಇದ್ದದ್ದು ಇದ್ದಹಾಗೆ ಹೇಳು. ರಜೆ ಬರೆದುಕೊಟ್ಟರೆ ತೆಗೆದುಕೋ. ಕಾಯಿಲೆ ಏನೆಂದು ಆಫೀಸಿಗೆ ಹೇಳಬೇಕಾಗಿಲ್ಲ, ಆರು ವಾರದವರೆಗೆ ಸಂಬಳ ಬರುತ್ತದೆ. ವೈದ್ಯರೇ ಕೆಲಸ ಬಿಡು ಎಂದರೆ ಆಗ ಮಾತು ಬೇರೆ, ಮೇಲಿನ ಲೆಕ್ಕವೆಲ್ಲ ಪಕ್ಕಕ್ಕಿಡು.

ಊರಿಗೆ ಹೋಗುವುದನ್ನು ನಾನು ಬೇಡ ಅನ್ನುವುದಿಲ್ಲ. ನನ್ನ ಜೊತೆ ಬಂದಿದ್ದ ಗೆಳತಿಯೊಬ್ಬಳು ತಂದೆತಾಯಿಯ ಜೊತೆ ಇರಬೇಕೆಂದು ಮೈಸೂರಿಗೆ ಮರಳಿದಳು, ನೆಮ್ಮದಿಯಾಗಿದ್ದಾಳೆ. ಅವಳನ್ನು ಊರು ಕರೆಯಿತು. ನಿನ್ನ ಪತ್ರದಲ್ಲಿ ಊರಿನ ಕರೆ ನನಗೆ ಕೇಳಿಸಲಿಲ್ಲ, ಆ ಮೀಟಿಂಗ್ ರೂಮಿನಿಂದ ಓಡಬೇಕೆಂಬುದಷ್ಟೇ ಕೇಳಿಸಿತು. ಅಮ್ಮನಿಗೆ ಒಂದು ಸಲ ನಿಜ ಹೇಳಿ ನೋಡು, "ಕೆಲಸ ಹಿಡಿಸ್ತಿಲ್ಲಮ್ಮ, ಬೇರೆ ಹುಡುಕ್ತಿದ್ದೀನಿ" ಅಂತ. ನಾನು ಅಪ್ಪನಿಗೆ ಹೇಳಿದ್ದು ಹೊಸ ಕೆಲಸ ಸಿಕ್ಕ ಮೇಲೆ. "ಅಷ್ಟೇನಾ, ಆವಾಗ್ಲೇ ಹೇಳ್ಬಾರದಿತ್ತಾ" ಎಂದರು, ಬೇರೆ ಏನೂ ಅನ್ನಲಿಲ್ಲ.

ನಾವಿರುವುದು ಎಸ್‌ಲಿಂಗನ್‌ನಲ್ಲಿ, ನಿನ್ನ ಕಡೆಯಿಂದ ಎಸ್1 ರೈಲು ನೇರ ಬರುತ್ತದೆ. ಶನಿವಾರ ಮಧ್ಯಾಹ್ನ ಊಟಕ್ಕೆ ಬಾ, ಅನ್ನ ಸಾರು ಮಾಡಿರುತ್ತೇನೆ. ಬರುವಾಗ ನಿನ್ನ ಒಪ್ಪಂದದ ಪ್ರತಿ ತಾ. ನೋಟಿಸ್ ತಿಂಗಳ ಕೊನೆಗೋ ತ್ರೈಮಾಸಿಕದ ಕೊನೆಗೋ ಎಂಬುದರ ಮೇಲೆ ನಿನ್ನ ದಿನಾಂಕ ಬದಲಾಗುತ್ತದೆ, ಆ ಸಾಲನ್ನು ಕೂತು ಓದೋಣ.