ಬೀಜಕ್ಕಿಂತ ಮೊದಲು ಗೊಬ್ಬರ

ಕುವೆಂಪುನಗರದ ಮನೆಯ ಪಕ್ಕದಲ್ಲಿ 10 ಅಡಿಗೆ 12 ಅಡಿ ಜಾಗವಿದೆ, ಮೇಲೆ ತಾರಸಿಯೂ ಇದೆ, 14 ಬಗೆಯ ಬೀಜದ ಪೊಟ್ಟಣ ತಂದಿಟ್ಟಿದ್ದೇನೆ, ರಾಸಾಯನಿಕ ಬಳಸದೆ ತರಕಾರಿ ಬೆಳೆಯಲು ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ, ಮೇಡಂ. ಆ ಪೊಟ್ಟಣಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಇನ್ನೊಂದು ತಿಂಗಳು ಹಾಗೆಯೇ ಇಡಿ ಎಂಬುದೇ ನನ್ನ ಮೊದಲ ಉತ್ತರ.

ಮನೆ ಕಟ್ಟಿದ ಜಾಗದ ಮಣ್ಣಿನಲ್ಲಿ ಗಾರೆ, ಜಲ್ಲಿ, ಇಟ್ಟಿಗೆ ಚೂರು ಇದ್ದೇ ಇರುತ್ತವೆ. ಮುಕ್ಕಾಲು ಅಡಿ ಆಳ ಅಗೆಸಿ ಅವನ್ನೆಲ್ಲ ಆರಿಸಿ ತೆಗೆಯಿರಿ. ಬಳಿಕ ಆ 120 ಚದರ ಅಡಿಗೆ 40ರಿಂದ 50 ಕೆ.ಜಿ. ಕೊಟ್ಟಿಗೆ ಗೊಬ್ಬರವನ್ನೂ ಎರಡು ಕೆ.ಜಿ. ಬೇವಿನ ಹಿಂಡಿಯನ್ನೂ ಬೆರೆಸಿ, ಆಗಾಗ ನೀರು ಚಿಮುಕಿಸುತ್ತ ಎರಡು ಮೂರು ವಾರ ಬಿಡಬೇಕು. ಗೊಬ್ಬರ ಚೆನ್ನಾಗಿ ಕಳಿತಿರಬೇಕು. ರಾಶಿಯೊಳಗೆ ಕೈ ಇಟ್ಟರೆ ಬಿಸಿ ತಾಗಬಾರದು, ಸಗಣಿಯ ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಹಿಚುಕಿದರೆ ಪುಡಿಯಾಗಬೇಕು.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಮೊದಲ ವರ್ಷ ನಾನು ಆತುರಪಟ್ಟು, ಶ್ರೀರಂಗಪಟ್ಟಣದ ಕಡೆಯ ಒಂದು ಹಳ್ಳಿಯಿಂದ ಅರೆಬರೆ ಕಳಿತ ಗೊಬ್ಬರವನ್ನು ತಂದು ಹಾಕಿದ್ದೆ. ಮೊಣಕಾಲೆತ್ತರ ಬಂದ ಟೊಮೆಟೊ ಗಿಡಗಳು ಒಂದೊಂದಾಗಿ ಬಾಡತೊಡಗಿದಾಗ, ನೀರು ಸಾಲದೆಂದು ಇನ್ನಷ್ಟು ನೀರು ಹೊಯ್ದೆ. ಕೊನೆಗೆ ಒಂದು ಗಿಡವನ್ನು ಹಿಡಿದೆಳೆದರೆ ಸಲೀಸಾಗಿ ಕೈಗೆ ಬಂತು, ಬುಡದಲ್ಲಿ ಬೇರೇ ಇರಲಿಲ್ಲ. ಕೆದಕಿ ನೋಡಿದರೆ ಆ ಗೊಬ್ಬರದೊಂದಿಗೇ ಬಂದಿದ್ದ, ಬೇರು ತಿನ್ನುವ, ಕಂದು ತಲೆಯ, ಬೆಳ್ಳನೆಯ, ಕಿರುಬೆರಳು ಗಾತ್ರದ ಗೊಣ್ಣೆ ಹುಳುಗಳು ಮುದುರಿಕೊಂಡು ಮಲಗಿದ್ದವು. ಅವನ್ನು ಆರಿಸಿ ಕಾಂಪೌಂಡಿನ ಮೇಲಿಟ್ಟೆ. ಗೊರವಂಕಗಳಿಗೆ ಅಂದು ಹಬ್ಬವಾಯಿತು, ನನಗೆ ಮಾತ್ರ ಆ ವರ್ಷ ಟೊಮೆಟೊ ಸಿಗಲಿಲ್ಲ.

ಮಣ್ಣು ಹದಗೊಳ್ಳುವಷ್ಟರಲ್ಲಿ ಬಿಸಿಲು ಎಲ್ಲಿ, ಎಷ್ಟು ಹೊತ್ತು ಬೀಳುತ್ತದೆಂದು ಗಮನಿಸಿ. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರು ಗಂಟೆಯಾದರೂ ಬೇಕು, ಸೊಪ್ಪಿಗೆ ನಾಲ್ಕು ಗಂಟೆ ಸಾಕು. ತಾರಸಿಯನ್ನು ಈ ವರ್ಷ ಮುಟ್ಟದಿರುವುದೇ ಲೇಸು. ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಚೀಲಕ್ಕೆ ಇಪ್ಪತ್ತು ಲೀಟರಿಗೂ ಹೆಚ್ಚು ಮಣ್ಣು ಹಿಡಿಯುತ್ತದೆ, ನೆನೆದ ಮೇಲೆ ಅದರ ತೂಕ 30 ಕೆ.ಜಿ.ಯ ಹತ್ತಿರ ಹೋಗುತ್ತದೆ. ಇಡಲೇಬೇಕೆಂದಿದ್ದರೆ ನಡುವೆ ಗುಂಪುಗೂಡಿಸದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆಯಲ್ಲಿ ಸಾಲಾಗಿ ಇಡಿ.

ಮೊದಲ ಬೆಳೆಯಾಗಿ ದಂಟು ಮತ್ತು ಮೆಂತ್ಯ ಸಾಕು. ದಂಟಿನ ಬೀಜ ಬಲು ಸಣ್ಣದಾದ್ದರಿಂದ ಒಣ ಮರಳಿನೊಂದಿಗೆ ಬೆರೆಸಿ ಬಿತ್ತಬೇಕು. 25ರಿಂದ 30 ದಿನಕ್ಕೆ ಬಸ್ಸಾರಿಗೆ ಒದಗುತ್ತದೆ. ಎರಡನೆಯದಾಗಿ, ರಾತ್ರಿಯಿಡೀ ನೆನೆಸಿದ ಬೆಂಡೆ ಬೀಜವನ್ನು ನೇರವಾಗಿ ನೆಲಕ್ಕೇ ಊರಿ. ಬದನೆಯಾದರೆ ನಮ್ಮ ಮೈಸೂರಿನ ಈರನಗೆರೆ ತಳಿಯನ್ನೇ ಹುಡುಕಿ ಹಾಕಿ. ನಾಟಿ ತಳಿಯಾದ್ದರಿಂದ ಒಂದು ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟರೆ ಮುಂದಿನ ಬೀಜ ಮನೆಯಲ್ಲೇ ಆಗುತ್ತದೆ. ಹೂಕೋಸು, ಕ್ಯಾರೆಟ್ ಆಮೇಲೆ ನೋಡೋಣ.

ಮಣ್ಣಿನ ಸೂಕ್ಷ್ಮಜೀವಿಗಳನ್ನು ಹೆಚ್ಚಿಸಲು ಹಾಕುವ ಜೀವಾಮೃತವೆಂಬ ಹುದುಗಿಸಿದ ದ್ರಾವಣವನ್ನು ಹತ್ತು ಲೀಟರ್ ನೀರಿಗೆ ಅರ್ಧ ಕೆ.ಜಿ. ನಾಟಿ ಹಸುವಿನ ಸಗಣಿ, ಅರ್ಧ ಲೀಟರ್ ಗಂಜಲ, ತಲಾ 100 ಗ್ರಾಂ ಬೆಲ್ಲ ಮತ್ತು ಹುರುಳಿ ಹಿಟ್ಟು, ಒಂದು ಹಿಡಿ ಮಣ್ಣು ಸೇರಿಸಿ ಮಾಡಿಕೊಳ್ಳಬಹುದು. ಮಂಡ್ಯದ ಆಲೆಮನೆಗಳಲ್ಲಿ ಸಿಗುವ ಕಪ್ಪು ಬೆಲ್ಲವೇ ಇದಕ್ಕೆ ಒಳ್ಳೆಯದು. ನೆರಳಿನಲ್ಲಿಟ್ಟು ದಿನಕ್ಕೆರಡು ಬಾರಿ ತಿರುವಿದರೆ ಮೂರು ದಿನಕ್ಕೆ ಸಿದ್ಧವಾಗುತ್ತದೆ. ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹಾಕಿ. ಇದೊಂದಿದ್ದರೆ ಗೊಬ್ಬರವೇ ಬೇಡವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಬುಡಕ್ಕೆ ಕಬ್ಬಿನ ತರಗು ಅಥವಾ ಒಣ ಎಲೆ ಹೊದಿಸಿದರೆ ನೀರಿನ ಅಗತ್ಯವೂ ಕಳೆಯೂ ಕಡಿಮೆಯಾಗುತ್ತವೆ. ಎಲೆಗಳಲ್ಲಿ ಗಿಡಹೇನು ಕಂಡರೆ ಮೊದಲು ನೀರಿನ ರಭಸಕ್ಕೆ ತೊಳೆಯಿರಿ. ಬಗ್ಗದಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆಗೆ ತುಸು ಸೋಪಿನ ನೀರು ಸೇರಿಸಿ ಸಂಜೆ ಸಿಂಪಡಿಸಿ. ಬೆಂಡೆಯ ಎಲೆಯ ನರಗಳು ಹಳದಿಯಾದರೆ ಅದು ಬಿಳಿ ನೊಣ ಹರಡುವ ನಂಜುರೋಗ. ಮದ್ದಿಲ್ಲ, ಆ ಗಿಡವನ್ನು ಕಿತ್ತುಬಿಡಿ.

ಈ ನಡುವೆ ಪ್ರತಿ ಪೊಟ್ಟಣದಿಂದ ಹತ್ತು ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ವಾರದಲ್ಲಿ ಆರಕ್ಕಿಂತ ಕಡಿಮೆ ಮೊಳೆತ ಪೊಟ್ಟಣವಿದ್ದರೆ ಒತ್ತಾಗಿ ಬಿತ್ತಬೇಕಾಗುತ್ತದೆ; ಒಂದೂ ಮೊಳೆಯದಿದ್ದರೆ ಮಣ್ಣು ಸಿದ್ಧವಾಗುವ ಮೊದಲೇ ಬೇರೆ ಬೀಜ ತಂದುಕೊಳ್ಳಿ.