ಇನ್ನೊಬ್ಬ ಸ್ಪೆಷಲಿಸ್ಟ್ ಆಮೇಲೆ, ಮೊದಲು ನಿಮ್ಮ ರಿಪೋರ್ಟುಗಳ ತಾರೀಖು ನೋಡಿ

ಎದೆ ಬಿಗಿತ, ಕೈ ಜುಮ್ ಅನ್ನೋದು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗೋದು. ಆರು ತಿಂಗಳಾಯಿತು, ಮೂವರು ಡಾಕ್ಟರಾದರು, ರಿಪೋರ್ಟ್ ಎಲ್ಲಾ ನಾರ್ಮಲ್. ‘ಟೆನ್ಷನ್ ಅಂತಾರೆ, ನನಗೆ ಟೆನ್ಷನ್ನೇ ಇಲ್ಲ. ಹುಬ್ಬಳ್ಳಿಯಲ್ಲಿ ಒಳ್ಳೆಯ ಸ್ಪೆಷಲಿಸ್ಟ್ ಯಾರು, ಇಲ್ಲಾ ಬೆಂಗಳೂರಿಗೇ ಹೋಗಿಬಿಡಲಾ?’ ಅಂತ ಕೇಳಿದ್ದೀರಿ. ಎರಡು ಸಲ ಓದಿದೆ. 2018ರಲ್ಲಿ ನಾನು ಆಡುತ್ತಿದ್ದ ಮಾತೇ ಇದು.

ಆಗ ನಾನು ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆ ಹತ್ತಿರ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಮನೆ ಧಾರವಾಡದಲ್ಲಿ. ಈ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಆಗಷ್ಟೇ ಶುರುವಾಗಿತ್ತು. ನವೆಂಬರ್ ತಿಂಗಳ ಒಂದು ಸಂಜೆ, ಉಣಕಲ್ ದಾಟಿ ಬಸ್ಸು ಭೈರಿದೇವರಕೊಪ್ಪದ ಹತ್ತಿರ ಬಂದಿತ್ತು. ಇದ್ದಕ್ಕಿದ್ದ ಹಾಗೆ ಎದೆ ಧಸಕ್ ಅಂತು. ಬಾಗಿಲು ಮುಚ್ಚಿದ ಎಸಿ ಬಸ್ಸು, ಉಸಿರು ಸಾಕಾಗುತ್ತಿಲ್ಲ ಅನಿಸಿತು. ಜೋರಾಗಿ ಎಳೆದುಕೊಳ್ಳತೊಡಗಿದೆ. ಎಳೆದಷ್ಟೂ ಜಾಸ್ತಿ ಆಯಿತು. ಬೆರಳುಗಳು ಜುಮ್ ಅಂದವು, ತುಟಿಯ ಸುತ್ತ ಇರುವೆ ಹರಿದಾಡಿದ ಹಾಗೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಕೈ ಹಿಡಿದು, ‘ಯವ್ವಾ, ಕೈ ಹಿಂಗ್ಯಾಕ ತಣ್ಣಗಾಗ್ಯಾವ?’ ಅಂದರು. ನನಗೆ ಹಾರ್ಟ್ ಅಟ್ಯಾಕ್ ಅಂತ ಖಾತ್ರಿಯಾಯಿತು. ನವನಗರದಲ್ಲಿ ಇಳಿದು, ಆಟೋ ಹಿಡಿದು, ಮೊದಲು ಕಂಡ ಆಸ್ಪತ್ರೆಗೆ ಹೋದೆ. ಇಸಿಜಿ ಮಾಡಿದರು. ನಾರ್ಮಲ್. ಗ್ಯಾಸ್ ಇರಬೇಕು ಅಂತ ಮಾತ್ರೆ ಬರೆದುಕೊಟ್ಟರು.

ಅಲ್ಲಿಗೆ ಹೋಗಿದ್ದು ತಪ್ಪಲ್ಲ. ಎದೆನೋವು ಅಂದಾಗ ಒಂದು ಸಲ ಸರಿಯಾಗಿ ನೋಡಿಸಲೇಬೇಕು. ಮುಂದಿನ ತಿಂಗಳು ಮತ್ತೆ ಹಾಗೇ ಆದಾಗ ಆ ಫೈಲು ಹಿಡಿದುಕೊಂಡು ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. ಅವರು ಹಾಳೆ ತಿರುವಿ ಹಾಕಿ, ‘ಎಲ್ಲಾ ನಾರ್ಮಲ್ ಐತಲ್ರೀ, ಸುಮ್ನ ಟೆನ್ಷನ್ ತಗೋಬ್ಯಾಡ್ರಿ’ ಅಂದರು. ಎರಡೇ ನಿಮಿಷ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆ ಮೆಟ್ಟಿಲ ಮೇಲೆ ಒಂದು ತೀರ್ಮಾನ ಮಾಡಿದೆ. ಮುಂದಿನ ಡಾಕ್ಟರಿಗೆ ಹಳೆಯ ರಿಪೋರ್ಟ್ ತೋರಿಸುವುದಿಲ್ಲ ಅಂತ.

ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನೀವೂ ಇದನ್ನೇ ಮಾಡಲು ಹೊರಟಿದ್ದೀರಿ ಅಂತ ನನಗೆ ಅನಿಸುತ್ತಿದೆ. ‘ಹೊಸ ಡಾಕ್ಟರು ಮೊದಲಿಂದ ನೋಡಲಿ’ ಅಂತ ಬರೆದಿದ್ದೀರಲ್ಲ, ಆ ಸಾಲು ನೋಡಿ ನನಗೆ ಭಯವಾಯಿತು.

ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬರು ಕೂಡಿಸಿದ ಲೆಕ್ಕವನ್ನು ಇನ್ನೊಬ್ಬರು ಮೊತ್ತ ನೋಡದೆ ಮತ್ತೆ ಕೂಡಿಸಬೇಕು. ಮೊದಲಿನವರ ಮೊತ್ತ ಕಂಡರೆ ಕಣ್ಣು ಅದನ್ನೇ ಒಪ್ಪಿಕೊಳ್ಳುತ್ತೆ, ತಪ್ಪು ಸಿಗುವುದಿಲ್ಲ. ದೇಹಕ್ಕೂ ಹಾಗೇ ಮಾಡಿದರೆ ಸರಿ ಅಂದುಕೊಂಡೆ. ಒಬ್ಬರು ನಾರ್ಮಲ್ ಅಂದಿದ್ದು ಇನ್ನೊಬ್ಬರಿಗೆ ಗೊತ್ತಾಗದಿದ್ದರೆ ಅವರು ಇನ್ನೂ ಆಳವಾಗಿ ಹುಡುಕುತ್ತಾರೆ ಅಂತ. ಅದಕ್ಕೇ ಮೂರನೆಯವರಿಗೆ ‘ಇದೇ ಮೊದಲ ಸಲ ಆಗ್ತಿದೆ’ ಅಂದೆ. ನಾಲ್ಕನೆಯವರಿಗೂ ಅದನ್ನೇ ಹೇಳಿದೆ. ಒಂಬತ್ತು ತಿಂಗಳಲ್ಲಿ 7 ಡಾಕ್ಟರಿಗೆ ತೋರಿಸಿದೆ. ಇಸಿಜಿ 4 ಸಲ, ಹೃದಯದ ಸ್ಕ್ಯಾನ್ ಎಕೋ 2 ಸಲ, ಥೈರಾಯ್ಡ್ 3 ಸಲ, ಓಡಿಸಿ ಹೃದಯ ನೋಡುವ ಟಿಎಂಟಿ ಒಂದು, ಒಂದು ಎಂಡೋಸ್ಕೋಪಿ, ಕುತ್ತಿಗೆಯ ಎಕ್ಸ್‌ರೇ. ಚೀಟಿ ಎತ್ತಿದ ದುಡ್ಡಿನಲ್ಲಿ ಸುಮಾರು 40,000 ರೂಪಾಯಿ ಹೋಯಿತು. ಮೂರನೆಯ ಡಾಕ್ಟರ ನಂತರ ನಮ್ಮನೆಯವರಿಗೂ ಹೇಳಲಿಲ್ಲ. ಒಬ್ಬರು ಕೊಟ್ಟ ನಿದ್ದೆ ಮಾತ್ರೆ ಇನ್ನೊಬ್ಬರಿಗೆ ಗೊತ್ತಿಲ್ಲ, ಇನ್ನೊಬ್ಬರು ಕೊಟ್ಟ ತಲೆಸುತ್ತಿನ ಮಾತ್ರೆ ಮತ್ತೊಬ್ಬರಿಗೆ ಗೊತ್ತಿಲ್ಲ. ಎಲ್ಲವನ್ನೂ ನಾನು ನುಂಗುತ್ತಿದ್ದೆ.

ರಿಪೋರ್ಟ್ ಬರುವ ತನಕ ಎರಡು ದಿನ ಜೀವ ಕೈಯಲ್ಲಿ. ನಾರ್ಮಲ್ ಅಂದರೆ ಒಂದು ವಾರ ಸಮಾಧಾನ. ಆಮೇಲೆ ‘ಅವರು ಸರಿಯಾಗಿ ನೋಡಿರಲಿಕ್ಕಿಲ್ಲ’ ಅಂತ ಮತ್ತೆ ಶುರು. ಬೆರಳು ಯಾವಾಗಲೂ ಮಣಿಕಟ್ಟಿನ ಮೇಲೆ, ನಾಡಿ ಎಣಿಸುತ್ತಾ. ಎಣಿಸಿದಷ್ಟೂ ಅದು ಓಡುತ್ತಿತ್ತು.

ಅತ್ತೆ ಅವರಿಗೆ ತಿಳಿದ ಹಾಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು, ಓಮಿನ ಕಷಾಯ ಮಾಡಿಕೊಟ್ಟರು. ಅವರ ಮೇಲೆ ನನಗೆ ಬೇಸರವಿಲ್ಲ. ಆ ಒಂಬತ್ತು ತಿಂಗಳಲ್ಲಿ ನನ್ನ ಮಾತನ್ನು ಸುಳ್ಳು ಅನ್ನದೆ ಇದ್ದವರು ಅವರೊಬ್ಬರೇ.

2019ರ ನಾಗರ ಪಂಚಮಿಗೆ ಗದಗಿನ ಬೆಟಗೇರಿಗೆ, ತವರಿಗೆ ಹೋದೆ. ಮನೆಯಲ್ಲಿ ಯಾರ ಕಣ್ಣಿಗೂ ಬೀಳಬಾರದು ಅಂತ ರಿಪೋರ್ಟೆಲ್ಲಾ ಸೂಟ್‌ಕೇಸಿನ ತಳದಲ್ಲಿ, ಸೀರೆಗಳ ಕೆಳಗೆ ಇಟ್ಟುಕೊಂಡು ಹೋಗಿದ್ದೆ. ಮರಳಿ ಹೊರಡುವ ದಿನ ಅವ್ವ ಉಂಡಿಯ ಡಬ್ಬಿ ಇಡಲು ಸೂಟ್‌ಕೇಸ್ ತೆಗೆದರು. ‘ಏನವಾ ಇದು, ಇಷ್ಟು ಕಾಗದ ಯಾರವು?’ ಅಂದರು. ನನಗೆ ಮಾತೇ ಹೊರಡಲಿಲ್ಲ. ಅವ್ವನಿಗೆ ಓದು ಬರುವುದಿಲ್ಲ. ಆದರೆ ಎಕ್ಸ್‌ರೇ ಹಾಳೆ ನೋಡಿದರೆ ಯಾರಿಗಾದರೂ ಗೊತ್ತಾಗುತ್ತೆ ಅಲ್ವಾ. ಎಲ್ಲವನ್ನೂ ಒಂದು ಕೈಚೀಲಕ್ಕೆ ತುಂಬಿ, ನನ್ನ ಕೈ ಹಿಡಿದು, ನಾನು ಚಿಕ್ಕವಳಿದ್ದಾಗಿನಿಂದ ನೋಡುತ್ತಿದ್ದ ಓಣಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಸ್ಪೆಷಲಿಸ್ಟ್ ಅಲ್ಲ, ಎಂಬಿಬಿಎಸ್ ಅಷ್ಟೇ.

ಡಾಕ್ಟರು ರಿಪೋರ್ಟಿನ ಒಳಗೆ ಏನಿದೆ ಅಂತ ಮೊದಲು ನೋಡಲೇ ಇಲ್ಲ. ಮೇಜು ಖಾಲಿ ಮಾಡಿ, ಎಲ್ಲವನ್ನೂ ತಾರೀಖಿನ ಪ್ರಕಾರ ಸಾಲಾಗಿ ಜೋಡಿಸಿದರು. ಆಮೇಲೆ ಒಂದು ಚೀಟಿಯ ಮೇಲೆ ಬರೆಯುತ್ತಾ ಹೋದರು. 19. 20. 11. 18. 20. 10. 21. ಚೀಟಿ ನನ್ನ ಕಡೆ ತಿರುಗಿಸಿ, ‘ತಂಗಿ, ತಿಂಗಳಾಗ ಈ ದಿನಕ್ಕ ಏನ್ ಇರ್ತೈತಿ ನಿಮ್ಮ ಆಫೀಸ್‌ನಾಗ?’ ಅಂದರು.

ಜಿಎಸ್‌ಟಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ ಕೊನೆಯ ದಿನ 11. ತೆರಿಗೆ ಕಟ್ಟಿ ಸಲ್ಲಿಸುವ 3ಬಿಗೆ ಕೊನೆಯ ದಿನ 20. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ನನ್ನ ಕೈಯಲ್ಲಿ 60ಕ್ಕೂ ಜಾಸ್ತಿ ಪಾರ್ಟಿಗಳು, ಅಂದರೆ ಗಿರಾಕಿಗಳು, ಇದ್ದರು. ಅದಕ್ಕೂ ಮುಂಚೆ ಒಂದು ಸಲ ಒಬ್ಬ ವ್ಯಾಪಾರಿಯ ರಿಟರ್ನ್ ನನ್ನಿಂದ ತಡವಾಗಿ, ಅವರು ಆಫೀಸಿಗೆ ಬಂದು ಎಲ್ಲರ ಎದುರಿಗೆ ಕೂಗಾಡಿ ಹೋಗಿದ್ದರು. ಅದು ನನಗೆ ಮರೆತೇ ಹೋಗಿತ್ತು. ಹಾಗಂತ ನಾನು ಅಂದುಕೊಂಡಿದ್ದೆ.

ಎಲ್ಲಾ ಡಾಕ್ಟರೂ ಒಂದೊಂದು ವೋಚರ್ ನೋಡಿದ್ದರು. ಎಲ್ಲಾ ವೋಚರ್ ಒಟ್ಟಿಗೆ ಕಾಣುವ ಲೆಕ್ಕದ ಪುಸ್ತಕ, ಲೆಡ್ಜರ್, ಯಾರಿಗೂ ಕಂಡಿರಲಿಲ್ಲ, ಯಾಕೆಂದರೆ ಅದನ್ನು ಸೀರೆಯ ಕೆಳಗೆ ಬಚ್ಚಿಟ್ಟವಳು ನಾನೇ. ಮೊದಲ ಡಾಕ್ಟರಿಗೆ ಒಂದು ತಾರೀಖಿನಲ್ಲಿ ಏನೂ ಕಾಣುವುದಿಲ್ಲ, ಅದು ಅವರ ತಪ್ಪಲ್ಲ. ನಾಲ್ಕನೆಯವರ ಮುಂದೆ ನಾಲ್ಕು ತಾರೀಖು ಇಟ್ಟಿದ್ದರೆ ಅವರೇ ಕೇಳುತ್ತಿದ್ದರೇನೋ. ಐದು ತಿಂಗಳ ನರಳಾಟ ತಪ್ಪುತ್ತಿತ್ತು. ಇದು ಈಗಲೂ ನನ್ನನ್ನು ಕಾಡುತ್ತೆ.

‘ನನಗೆ ಟೆನ್ಷನ್ನೇ ಇಲ್ಲ’ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ. ನೀವು ಸುಳ್ಳು ಹೇಳುತ್ತಿದ್ದೀರಿ ಅಂತ ಅಲ್ಲ. ಟೆನ್ಷನ್ ಅಂದರೆ ಸಾಲ, ಸಾವು, ಮನೆಯಲ್ಲಿ ಜಗಳ ಅಂತಲೇ ನಾನೂ ಅಂದುಕೊಂಡಿದ್ದೆ. ಅವು ಯಾವುವೂ ನನಗಿರಲಿಲ್ಲ. ಕೆಲಸ ಇಷ್ಟವಾಗಿಯೇ ಇತ್ತು. 20ನೇ ತಾರೀಖಿಗೆ ರಾತ್ರಿ ಹತ್ತರ ತನಕ ಕೂರುವುದು ನನ್ನ ಲೆಕ್ಕದಲ್ಲಿ ಟೆನ್ಷನ್ ಅಲ್ಲ, ಡ್ಯೂಟಿ. ದೇಹ ಆ ಹೆಸರು ಕೇಳುವುದಿಲ್ಲ.

ಹಾಗೇ ‘ರಿಪೋರ್ಟ್ ನಾರ್ಮಲ್, ಅಂದರೆ ಏನೂ ಇಲ್ಲ’ ಅನ್ನುವವರ ಮಾತನ್ನೂ ಒಪ್ಪುವುದಿಲ್ಲ. ನೋವು ನಿಜ. ಜುಮ್ ಅನ್ನೋದು ನಿಜ. ಬೆಟಗೇರಿ ಡಾಕ್ಟರು ಅದನ್ನು ನನಗೆ ತೋರಿಸಿಕೊಟ್ಟರು. ಎದುರಿಗೆ ಕೂರಿಸಿಕೊಂಡು, ಒಂದು ನಿಮಿಷ ಜೋರಾಗಿ, ಬೇಗ ಬೇಗ ಉಸಿರಾಡು ಅಂದರು. ನಿಮಿಷ ಮುಗಿಯುವ ಮುಂಚೆಯೇ ಅದೇ ಬೆರಳು ಜುಮ್, ಅದೇ ತುಟಿಯ ಸುತ್ತ ಇರುವೆ, ಅದೇ ತಲೆ ಹಗುರ. ಬಸ್ಸಿನಲ್ಲಿ ಆದದ್ದು ಅಷ್ಟೂ ಅವರ ಕುರ್ಚಿಯ ಮೇಲೆ ಆಯಿತು. ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತೆ, ಅದರಿಂದ ನರಗಳು ಚುರುಗುಟ್ಟುತ್ತವೆ, ಮೆದುಳಿಗೆ ಹೋಗುವ ರಕ್ತನಾಳ ಸ್ವಲ್ಪ ಕಿರಿದಾಗಿ ತಲೆ ಸುತ್ತುತ್ತೆ ಅಂತ ವಿವರಿಸಿದರು. ಉಸಿರು ಕಡಿಮೆಯಾಗಿದೆ ಅಂತ ನಾನು ಎಳೆದುಕೊಳ್ಳುತ್ತಿದ್ದೆ. ಅಸಲಿಗೆ ಅದು ಜಾಸ್ತಿಯಾಗಿತ್ತು. ಹೆದರಿದಾಗ ಮೈಯಲ್ಲಿ ಏರುವ ಅಡ್ರಿನಲಿನ್ ಎದೆ ಬಡಿತ ಏರಿಸುತ್ತೆ, ಹೊಟ್ಟೆ ತೊಳಸುತ್ತೆ, ಗಂಟಲಿನ ಸ್ನಾಯು ಬಿಗಿದು ಉಂಡೆ ಸಿಕ್ಕಿದ ಹಾಗಾಗುತ್ತೆ. ಇಸಿಜಿಯಲ್ಲಿ ಇದು ಯಾವುದೂ ರೋಗವಾಗಿ ಕಾಣುವುದಿಲ್ಲ. ಆ ಪ್ರಯೋಗವನ್ನು ಮಾತ್ರ ಮನೆಯಲ್ಲಿ ಮಾಡಬೇಡಿ, ಡಾಕ್ಟರ ಎದುರಿಗೇ ಆಗಲಿ.

ಇಷ್ಟು ಗೊತ್ತಾದ ಕೂಡಲೇ ಎಲ್ಲಾ ಹೋಯಿತು ಅಂದುಕೊಳ್ಳಬೇಡಿ. ಆ ತಿಂಗಳ 20ಕ್ಕೆ ಮತ್ತೆ ಬಂತು. ‘ಡಿಮ್ಹಾನ್ಸ್‌ಗೆ ಹೋಗು’ ಅಂತ ಡಾಕ್ಟರು ಹೇಳಿದ್ದರೂ ನಾನು ಹೋಗಿರಲಿಲ್ಲ. ಡಿಮ್ಹಾನ್ಸ್ ಅಂದರೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ. ನಮ್ಮ ಕಡೆ ‘ಇವನ್ನ ಧಾರವಾಡಕ್ಕ ಕಳಸ್ಬೇಕು’ ಅಂದರೆ ಇವನಿಗೆ ತಲೆ ಕೆಟ್ಟಿದೆ ಅಂತ ಅರ್ಥ, ನಿಮಗೂ ಗೊತ್ತು. ಧಾರವಾಡದಲ್ಲೇ ಮನೆ ಮಾಡಿದವಳಿಗೆ ಆ ಗೇಟಿನ ಒಳಗೆ ಹೋಗುವುದು ಇನ್ನೂ ಕಷ್ಟ. ಬೆಳಗಾವಿ ರಸ್ತೆಯಲ್ಲಿ ಯಾರಾದರೂ ಗುರುತಿನವರು ನೋಡಿದರೆ? ಕೊನೆಗೆ ಎಲ್ಲವನ್ನೂ ನಮ್ಮನೆಯವರಿಗೆ ಹೇಳಿದೆ. ಅವರು ದುಡ್ಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ನಾನೂ ಬರ್ತೀನಿ, ನಡಿ’ ಅಂದರು. ಒಳಗೆ ನಾನು ಕಂಡದ್ದು ಸಾಲಿನಲ್ಲಿ ಕೂತ ನಮ್ಮಂಥವರನ್ನೇ. ಕಾಲೇಜು ಹುಡುಗಿ, ಹೊಲದಿಂದ ಬಂದ ಗೌಡರು, ರಿಟೈರ್ ಆದ ಮಾಸ್ತರು.

ಅಲ್ಲಿಯ ಡಾಕ್ಟರು ಪೂರ್ತಿ ಫೈಲು ನೋಡಿ ಆತಂಕದ ಕಾಯಿಲೆ ಅಂದರು, ಒಂದು ಮಾತ್ರೆ ಕೊಟ್ಟರು. ಅದು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸಬಹುದು, ಚಟವಾಗುವ ಮಾತ್ರೆಯಲ್ಲ, ಆದರೆ ನಾನಾಗಿಯೇ ನಿಲ್ಲಿಸಬಾರದು ಅಂತ ಮೊದಲೇ ಹೇಳಿದರು. ಹಾಗೇ ಆಯಿತು. ಒಂಬತ್ತು ತಿಂಗಳು ತೆಗೆದುಕೊಂಡು, ಅವರು ಹೇಳಿದಂತೆ ನಿಧಾನಕ್ಕೆ ಕಡಿಮೆ ಮಾಡಿ ಬಿಟ್ಟೆ. ನಿದ್ದೆ ಮಾತ್ರೆಯನ್ನೂ ಅವರೇ ಬಿಡಿಸಿದರು. ಅಂಥ ಕೆಲವು ಮಾತ್ರೆ ಚಟವಾಗುತ್ತವೆ, ಔಷಧ ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಕೌನ್ಸೆಲಿಂಗ್‌ನಲ್ಲಿ ಕಲಿಸಿದ್ದು ಎರಡೇ ಮುಖ್ಯ ಸಂಗತಿ. ನಾಡಿ ಎಣಿಸುವುದನ್ನು ಬಿಡುವುದು. ಮತ್ತೆ ಉಸಿರನ್ನು ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ ಬಿಡುವುದು. ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಬೇಕು. ಬಸ್ಸಿನಲ್ಲಿ ಸತ್ತೂರು ಸ್ಟಾಪಿನಿಂದ ಟೋಲ್ ನಾಕಾ ತನಕ ದಿನಾ ಇದನ್ನೇ ಮಾಡುತ್ತಿದ್ದೆ, ಏನೂ ಆಗದ ದಿನವೂ. ಆಫೀಸಿನಲ್ಲಿ 15 ಪಾರ್ಟಿಗಳನ್ನು ಇನ್ನೊಬ್ಬರಿಗೆ ಕೊಡಿ ಅಂತ ಕೇಳಿದೆ. ಕೊಟ್ಟರು. ಒಂದು ವರ್ಷ ಮುಂಚೆಯೇ ಕೇಳಬಹುದಿತ್ತು.

ಈಗಲೂ ಒಮ್ಮೊಮ್ಮೆ 20ರ ಸಂಜೆ ಬೆರಳು ಜುಮ್ ಅನ್ನುತ್ತೆ. ಬರುತ್ತೆ, ಹೋಗುತ್ತೆ.

ಇನ್ನು ನಿಮ್ಮ ವಿಷಯ. ಬೆಂಗಳೂರು ಬೇಡ. ನಾಲ್ಕನೆಯ ಹೃದಯದ ಡಾಕ್ಟರೂ ಬೇಡ. ಥೈರಾಯ್ಡ್, ರಕ್ತಹೀನತೆ ಕೂಡ ಎದೆ ಬಡಿತ ಏರಿಸುತ್ತವೆ, ಅವು ಆಗಿರದಿದ್ದರೆ ಒಂದು ಸಲ ಮಾಡಿಸಿ. ಆಗಿದ್ದರೆ ಮತ್ತೆ ಬೇಡ. ಆದರೆ ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆನೋವು ಬಂದು ನಿಂತರೆ ಕಡಿಮೆಯಾಗುವುದು, ನೋವು ದವಡೆಗೋ ಕೈಗೋ ಹರಿದು ಬೆವರುವುದು, ಎಚ್ಚರ ತಪ್ಪುವುದು, ಒಂದು ಕಡೆ ಕೈಕಾಲು ಸೋಲುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಇದ್ದರೆ ನನ್ನ ಕಥೆ ಬದಿಗಿಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ತುರ್ತು ಇದ್ದರೆ 108ಕ್ಕೆ ಫೋನ್ ಮಾಡಿ.

ಇಲ್ಲದಿದ್ದರೆ ಇವತ್ತು ರಾತ್ರಿ ಎಲ್ಲಾ ರಿಪೋರ್ಟ್, ಎಲ್ಲಾ ಚೀಟಿ, ಔಷಧ ಅಂಗಡಿಯ ಬಿಲ್ಲು ಕೂಡ, ನೆಲದ ಮೇಲೆ ತಾರೀಖಿನ ಪ್ರಕಾರ ಹರಡಿ. ಒಬ್ಬರೇ ಕೂರಬೇಡಿ. ಮನೆಯಲ್ಲಿ ಹೇಳಿಲ್ಲ ಅಂತ ಬರೆದಿದ್ದೀರಿ, ಇವತ್ತು ಹೇಳಿ. ಪ್ರತಿ ತಾರೀಖಿನ ಹಿಂದಿನ ಮೂರು ದಿನ ಏನಿತ್ತು ಅಂತ ಇಬ್ಬರೂ ನೆನಪು ಮಾಡಿಕೊಂಡು ಪೆನ್ಸಿಲ್‌ನಲ್ಲಿ ಬರೆಯಿರಿ. ಅಷ್ಟೂ ಕಾಗದ ಒಂದು ಕೈಚೀಲದಲ್ಲಿ ಹಿಡಿದುಕೊಂಡು ಯಾರಾದರೂ ಒಬ್ಬ ಡಾಕ್ಟರ ಹತ್ತಿರ ಮಾತ್ರ ಹೋಗಿ. ನಿಮ್ಮ ಹಳೆಯ ಫ್ಯಾಮಿಲಿ ಡಾಕ್ಟರಾದರೂ ಸರಿ, ಡಿಮ್ಹಾನ್ಸ್ ಆದರೂ ಸರಿ. ಗದಗ, ಹಾವೇರಿ ಕಡೆಯವರಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಹೋಗಲು ಇನ್ನೂ ಧೈರ್ಯ ಬರದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾಯಿತು. ನನ್ನ ಕಾಲಕ್ಕೆ ಇರಲಿಲ್ಲ.

ತಾರೀಖುಗಳಲ್ಲಿ ಏನಾದರೂ ಕಂಡರೆ ಇಲ್ಲೇ ಬರೆಯಿರಿ. ಏನೂ ಕಾಣದಿದ್ದರೂ ಬರೆಯಿರಿ. ಎಲ್ಲರಿಗೂ ನನ್ನ ಹಾಗೆ 11, 20 ಅಂತ ನೇರವಾಗಿ ಸಿಗುವುದಿಲ್ಲ. ಆಗ ಊಟ, ನಿದ್ದೆ, ಚಹಾ ಎಷ್ಟು ಅಂತ ಎರಡು ವಾರ ಬರೆದಿಟ್ಟು ಡಾಕ್ಟರಿಗೆ ತೋರಿಸಬೇಕಾಗುತ್ತೆ. ಅದನ್ನು ಹೇಗೆ ಬರೆಯುವುದು ಅಂತ ಹೇಳಿಕೊಡುತ್ತೇನೆ.